ಸಿನೊನಿಮ್ ಪಟ್ಟಿ ಬಾಯಿಪಾಠ ಮಾಡಿದರೂ ಬರೆಯುವಾಗ ಪದ ಯಾಕೆ ಸೇರಲ್ಲ?

ಪ್ರಶ್ನೆ: ನಾನು ಆಲೂರು ತಾಲ್ಲೂಕಿನವಳು. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಈಗ ಹಾಸನದಲ್ಲಿ ಬಿ.ಕಾಂ ಕೊನೇ ವರ್ಷ, ಜೊತೆಗೆ ಬ್ಯಾಂಕ್ ಪರೀಕ್ಷೆಗೆ ತಯಾರಿ. ಮೊಬೈಲಿನಲ್ಲಿ ಸಿಗುವ ಸಿನೊನಿಮ್ ಪಟ್ಟಿಗಳನ್ನು ದಿನಾ ಬಾಯಿಪಾಠ ಮಾಡುತ್ತೇನೆ. ಒಂದು ವಾರ ಬಿಟ್ಟು ನೋಡಿದರೆ ಅರ್ಧಕ್ಕರ್ಧ ಮರೆತಿರುತ್ತದೆ. ನೆನಪಿರುವುದನ್ನು ಪ್ರಬಂಧದಲ್ಲಿ ಬಳಸಿದರೆ ಮೇಡಂ ಕೆಂಪು ಗೆರೆ ಎಳೆಯುತ್ತಾರೆ. ಅಜ್ಜಿಗೆ 'ಏನ್ಶಂಟ್' ಅಂತ ಬರೆದಿದ್ದೆ, ಮಳೆಗೆ 'ಪವರ್‌ಫುಲ್' ಅಂತ ಬರೆದಿದ್ದೆ. ಎರಡೂ ತಪ್ಪಂತೆ. ಅರ್ಥ ಒಂದೇ ಅಲ್ವಾ ಸರ್? ಮತ್ತೆ ಯಾಕೆ ಸೇರಲ್ಲ? ದೊಡ್ಡ ಮಟ್ಟದ ಇಂಗ್ಲಿಷ್ ಪದಗಳನ್ನು ಕಲಿಯಲು ಸರಿಯಾದ ದಾರಿ ಯಾವುದು? ಡಿಕ್ಷನರಿ ಕೊಳ್ಳಬೇಕಾ, ಮೊಬೈಲ್ ಸಾಕಾ?

ಉತ್ತರ: 'ಅರ್ಥ ಒಂದೇ ಅಲ್ವಾ' ಎಂದು ಕೇಳಿದ್ದೀರಿ. ನಿಮ್ಮ ಕಷ್ಟದ ಬೇರು ಆ ನಂಬಿಕೆಯಲ್ಲೇ ಇದೆ. ಸಿನೊನಿಮ್ ಎಂದರೆ ಒಂದೇ ಅರ್ಥದ ಪದ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಅದು ಹತ್ತಿರದ ಅರ್ಥದ ಪದ, ಅಷ್ಟೇ. ಒಂದನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಕಣ್ಣುಮುಚ್ಚಿ ಇಡಬಹುದಾದ ಜೋಡಿ ಯಾವ ಭಾಷೆಯಲ್ಲೂ ಅಪರೂಪ.

ಕನ್ನಡದಲ್ಲಿ ನೀವು ಈ ತಪ್ಪು ಎಂದೂ ಮಾಡುವುದಿಲ್ಲ. ಬೇಲೂರಿನದು ಪುರಾತನ ದೇವಾಲಯ. ನಿಮ್ಮ ಅಜ್ಜಿ ವಯಸ್ಸಾದವರು. ಮೊನ್ನೆಯ ಅನ್ನ ಹಳಸಿದ್ದು. ಮೂಲೆಯಲ್ಲಿರುವುದು ಹಳೇ ಟಿವಿ. ಯಾರಾದರೂ 'ಪುರಾತನ ಅಜ್ಜಿ' ಎಂದರೆ, 'ಹಳಸಿದ ದೇವಾಲಯ' ಎಂದರೆ, ತಕ್ಷಣ ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಯಾವ ವ್ಯಾಕರಣ ಪುಸ್ತಕವೂ ಅದನ್ನು ಹೇಳಿಕೊಟ್ಟಿಲ್ಲ. ಯಾವ ಪದ ಯಾವುದರ ಜೊತೆ ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಕೇಳಿ ಬಂದದ್ದು.

ಇಂಗ್ಲಿಷ್‌ನ 'ಓಲ್ಡ್' ಕೂಡ ಹೀಗೇ ಒಡೆದುಕೊಂಡಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯಕ್ಕೆ 'ಏನ್ಶಂಟ್' ಒಪ್ಪುತ್ತದೆ. ವಯಸ್ಸಾದವರಿಗೆ ಮರ್ಯಾದೆಯ ಪದ 'ಎಲ್ಡರ್ಲಿ'. ಜೀವಂತ ಮನುಷ್ಯರಿಗೆ 'ಏನ್ಶಂಟ್' ಎಂದರೆ ಅದು ಗೇಲಿ ಮಾಡಿದ ಹಾಗೆ ಕೇಳುತ್ತದೆ. ಮೇಡಂ ಗೆರೆ ಎಳೆದದ್ದು ಅದಕ್ಕೇ. ಒಣಗಿ ರುಚಿ ಕೆಟ್ಟ ಬ್ರೆಡ್ಡಿಗೆ 'ಸ್ಟೇಲ್', ಅಜ್ಜನ ಕಾಲದ ಬೆಲೆಬಾಳುವ ಗಡಿಯಾರಕ್ಕೆ 'ಆಂಟೀಕ್', ಬಳಕೆ ತಪ್ಪಿಹೋದ ಯಂತ್ರಕ್ಕೆ 'ಆಬ್ಸೊಲೀಟ್', ಈಗ ಯಾರೂ ಆಡದ ಮಾತಿಗೆ 'ಆರ್ಕೇಯಿಕ್'. ಪಟ್ಟಿಯಲ್ಲಿ ಇವೆಲ್ಲ 'ಓಲ್ಡ್' ಮುಂದೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಯಾವುದಕ್ಕೆ ಯಾವುದು ಎನ್ನುವುದನ್ನು ಮಾತ್ರ ಪಟ್ಟಿ ಹೇಳುವುದಿಲ್ಲ.

ಮಳೆಯ ವಿಷಯವೂ ಅದೇ. ಇಂಗ್ಲಿಷ್‌ನಲ್ಲಿ ಮಳೆಗೆ 'ಹೆವಿ', ಗಾಳಿಗೆ 'ಸ್ಟ್ರಾಂಗ್', ಕಾಫಿಗೆ 'ಸ್ಟ್ರಾಂಗ್', ಎಂಜಿನ್ನಿಗೆ 'ಪವರ್‌ಫುಲ್'. ಹೀಗೇ ಯಾಕೆ ಎಂದರೆ, ಅದು ರೂಢಿ. ನಾವು 'ಪುಷ್ಪಾರ್ಚನೆ' ಅನ್ನುತ್ತೇವೆ, 'ಹೂವಿನ ಮಾರ್ಕೆಟ್' ಅನ್ನುತ್ತೇವೆ. 'ಪುಷ್ಪದ ಮಾರ್ಕೆಟ್' ಎಂದು ಯಾರೂ ಹೇಳುವುದಿಲ್ಲ. ಪದಗಳ ಈ ಜೊತೆಗಾರಿಕೆಗೆ ಇಂಗ್ಲಿಷ್‌ನಲ್ಲಿ 'ಕೊಲೊಕೇಶನ್' ಎನ್ನುತ್ತಾರೆ. ಒಂದು ಪದ ಯಾರ ಜೊತೆ ಓಡಾಡುತ್ತದೆ ಎಂದು ನೋಡಿದರೆ ಆ ಪದ ಏನೆಂದು ತಿಳಿಯುತ್ತದೆ ಎಂಬ ಅರ್ಥದ ಮಾತನ್ನು ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜೆ.ಆರ್. ಫರ್ತ್ 1957ರಲ್ಲಿ ಬರೆದರು. ನಿಮಗೆ ಕೊಡಬೇಕಾದ ಸಲಹೆಯ ಮುಕ್ಕಾಲು ಪಾಲು ಇದರಲ್ಲೇ ಇದೆ. ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗಾರರ ಸಮೇತ ಕಲಿಯಿರಿ.

ಒಂಟಿ ಎಂದಾಗ ನಿಮ್ಮ ಆಲೂರು, ಸಕಲೇಶಪುರದ ಕಡೆಯ ಒಂದು ಉದಾಹರಣೆ ನೆನಪಾಯಿತು. ಕಾಡಾನೆ ತೋಟಕ್ಕೆ ನುಗ್ಗಿದ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಒಂಟಿ ಸಲಗಕ್ಕೆ ಅಲ್ಲಿ 'ಲೋನ್ ಟಸ್ಕರ್' ಎನ್ನುತ್ತಾರೆ. ಬ್ಯಾಂಕಿನ ಸಾಲದ 'ಲೋನ್' ಬೇರೆ, ಅದರ ಸ್ಪೆಲ್ಲಿಂಗೂ ಬೇರೆ. ಈಗ ಒಂಟಿ ಎನ್ನುವುದಕ್ಕೆ ಪಟ್ಟಿಯಲ್ಲಿ ನಾಲ್ಕು ಪದ ಸಿಗುತ್ತವೆ: 'ಅಲೋನ್', 'ಲೋನ್', 'ಲೋನ್ಲಿ', 'ಸಾಲಿಟರಿ'. ನಾಲ್ಕನ್ನೂ ಆ ಆನೆಯ ಮೇಲೆ ಇಟ್ಟು ನೋಡಿ.

'ಅಲೋನ್' ಯಾವಾಗಲೂ ನಾಮಪದದ ಆಮೇಲೆ ಬರುತ್ತದೆ. 'ದಿ ಎಲಿಫಂಟ್ ವಾಸ್ ಅಲೋನ್' ಸರಿ, 'ಆನ್ ಅಲೋನ್ ಎಲಿಫಂಟ್' ತಪ್ಪು. 'ಲೋನ್' ಇದಕ್ಕೆ ಸರಿಯಾಗಿ ಉಲ್ಟಾ, ನಾಮಪದದ ಮುಂದೆಯೇ ನಿಲ್ಲಬೇಕು. 'ಲೋನ್ಲಿ' ಎಂದರೆ ಒಂಟಿತನದ ಬೇಸರ. ನೂರು ಜನರ ನಡುವೆ ಇದ್ದೂ ಒಬ್ಬರು 'ಲೋನ್ಲಿ' ಆಗಿರಬಹುದು. ಆನೆಗೆ ಅದನ್ನು ಬಳಸಿದರೆ, ಪಾಪ ಅದಕ್ಕೆ ಬೇಜಾರಾಗಿದೆ ಎಂದು ಹೇಳಿದಂತಾಗುತ್ತದೆ. 'ಸಾಲಿಟರಿ' ಎಂದರೆ ಒಬ್ಬೊಬ್ಬರೇ ಇರುವುದು ಸ್ವಭಾವ. ಚಿರತೆ, ಹುಲಿಗಳ ಬಗ್ಗೆ ಬರೆಯುವಾಗ ಈ ಪದ ತುಂಬಾ ಬರುತ್ತದೆ. ಜೈಲಿನಲ್ಲಿ ಒಬ್ಬರನ್ನೇ ಕೂಡಿಹಾಕುವುದಕ್ಕೂ 'ಸಾಲಿಟರಿ ಕನ್ಫೈನ್‌ಮೆಂಟ್' ಎನ್ನುತ್ತಾರೆ. ಇನ್ನು ಪುಂಡಾನೆಗೆ ಇಂಗ್ಲಿಷ್‌ನಲ್ಲಿ 'ರೋಗ್ ಎಲಿಫಂಟ್'. 'ಬ್ಯಾಡ್ ಎಲಿಫಂಟ್' ಎಂದು ಯಾವ ವರದಿಗಾರರೂ ಬರೆಯುವುದಿಲ್ಲ.

ನೋಡಿ, ಈ ನಾಲ್ಕು ಪದ ನಿಮಗೆ ಇನ್ನು ಮರೆಯುವುದು ಕಷ್ಟ. ಪ್ರತಿಯೊಂದಕ್ಕೂ ಈಗ ಒಂದು ಜಾಗ ಸಿಕ್ಕಿದೆ.

ಇಂಗ್ಲಿಷ್‌ನಲ್ಲಿ ಇಷ್ಟೊಂದು ಸಿನೊನಿಮ್ ಬಂದದ್ದು ಹೇಗೆ ಎಂದು ಗೊತ್ತಿದ್ದರೆ ಮುಂದಿನ ದಾರಿ ಸುಲಭ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆ, ಕೋರ್ಟು, ಆಡಳಿತ ಎಲ್ಲ ಫ್ರೆಂಚ್ ಮಾತಾಡುವವರ ಕೈಗೆ ಹೋಯಿತು. ಹೊಲ, ಮನೆ, ಅಡುಗೆಮನೆಯಲ್ಲಿ ಜನ ತಮ್ಮ ಹಳೇ ಇಂಗ್ಲಿಷನ್ನೇ ಆಡಿದರು. ಆಮೇಲೆ ಧರ್ಮ, ವಿದ್ಯೆ, ವಿಜ್ಞಾನದ ಜೊತೆ ಲ್ಯಾಟಿನ್, ಗ್ರೀಕ್ ಪದಗಳು ರಾಶಿ ರಾಶಿ ಬಂದವು. ಹಾಗಾಗಿ ಒಂದೇ ಕೆಲಸಕ್ಕೆ ಮೂರು ಪದ ಉಳಿದವು. 'ಆಸ್ಕ್' ಹಳೇ ಇಂಗ್ಲಿಷ್, 'ಕ್ವೆಶ್ಚನ್' ಫ್ರೆಂಚ್ ಮೂಲಕ ಬಂದದ್ದು, 'ಇಂಟರಗೇಟ್' ಲ್ಯಾಟಿನ್ನಿನದು. ಕನ್ನಡದ ಕೇಳು, ಪ್ರಶ್ನಿಸು, ವಿಚಾರಣೆ ಮಾಡು ಜೊತೆ ಹೋಲಿಸಿ ನೋಡಿ, ಮೆಟ್ಟಿಲುಗಳು ಹೆಚ್ಚುಕಡಿಮೆ ಅವೇ. ಗೆಳತಿಯನ್ನು ಕೇಳುತ್ತೇವೆ, ಮಂತ್ರಿಯ ಹೇಳಿಕೆಯನ್ನು ಪ್ರಶ್ನಿಸುತ್ತೇವೆ, ಪೊಲೀಸರು ಆರೋಪಿಯ ವಿಚಾರಣೆ ಮಾಡುತ್ತಾರೆ.

ಕನ್ನಡವೂ ಇದೇ ದಾರಿಯಲ್ಲಿ ಬಂದ ಭಾಷೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರ ಕಾಲದ್ದು. ಅದರಲ್ಲೇ ಕನ್ನಡದ ಜೊತೆ ಸಂಸ್ಕೃತ ಪದಗಳು ತುಂಬಿಕೊಂಡಿವೆ. ಆಮೇಲೆ ಆಡಳಿತದ ಮೂಲಕ ಪಾರ್ಸಿ, ಅರಬ್ಬಿ ಪದಗಳು ಬಂದವು. ಜಮೀನು, ಅರ್ಜಿ, ವಕೀಲ ಎಲ್ಲ ಹಾಗೆ ಬಂದವೇ. ಈಗ ನಾವು ಹೊಲ ಉಳುತ್ತೇವೆ, ಜಮೀನಿನ ಪಹಣಿ ತೆಗೆಸುತ್ತೇವೆ, ಭೂಮಿಪೂಜೆ ಮಾಡುತ್ತೇವೆ. ಮೂರು ಪದ, ಮೂರು ಜಾಗ. ಕನ್ನಡ ಮೀಡಿಯಂನಲ್ಲಿ ಓದಿದ್ದು ನಿಮಗೆ ಅಡ್ಡಿ ಎಂದು ಅಂದುಕೊಳ್ಳಬೇಡಿ. ಇಂಥ ಸೂಕ್ಷ್ಮ ನಿಮಗೆ ಆಗಲೇ ಗೊತ್ತಿದೆ, ಅದನ್ನು ಇಂಗ್ಲಿಷ್ ಕಡೆಗೆ ತಿರುಗಿಸಬೇಕು, ಅಷ್ಟೇ.

ಇದರಿಂದ ಒಂದು ಒರಟು ಲೆಕ್ಕ ಸಿಗುತ್ತದೆ. ಚಿಕ್ಕ ಚಿಕ್ಕ ಹಳೇ ಪದಗಳು ದಿನದ ಮಾತಿಗೆ, ಫ್ರೆಂಚ್-ಲ್ಯಾಟಿನ್ ಪದಗಳು ಅರ್ಜಿ, ವರದಿ, ಕಾನೂನಿಗೆ. ಅಂಗಡಿಯಲ್ಲಿ 'ಬೈ', ಟೆಂಡರಿನಲ್ಲಿ 'ಪರ್ಚೇಸ್'. ಮನೆಯಲ್ಲಿ 'ಹೆಲ್ಪ್', ಕಚೇರಿ ಪತ್ರದಲ್ಲಿ 'ಅಸಿಸ್ಟ್'. ಎಲ್ಲ ಕಡೆ ಈ ಲೆಕ್ಕ ಸರಿಹೋಗಲ್ಲ, ಆದರೂ ಶುರುವಿಗೆ ಸಾಕು. ಒಂದು ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಉದ್ದದ ಪದ ಬರೆದರೆ ಭಾಷೆ ಮೇಲೇರುವುದಿಲ್ಲ. 'ಹೆಲ್ಪ್' ಸಾಕಾಗುವ ಕಡೆ 'ಹೆಲ್ಪ್' ಎಂದೇ ಬರೆಯುವವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಅರ್ಥ.

ಹೊಸ ಸಿನೊನಿಮ್ ಸಿಕ್ಕಾಗ ಜೊತೆಗಾರರ ನಂತರ ಇನ್ನೆರಡು ವಿಷಯ ನೋಡಿ. ಮೊದಲನೆಯದು, ಅದು ಹೊಗಳಿಕೆಯಾ ತೆಗಳಿಕೆಯಾ. 'ಥ್ರಿಫ್ಟಿ' ಎಂದರೆ ಕೈ ಹಿಡಿದು ಖರ್ಚು ಮಾಡುವವರು, 'ಸ್ಟಿಂಜಿ' ಎಂದರೆ ಜಿಪುಣರು. 'ಡಿಟರ್ಮಿನ್ಡ್' ಛಲ, 'ಸ್ಟಬರ್ನ್' ಹಟಮಾರಿತನ. 'ಫೇಮಸ್' ಪಕ್ಕದಲ್ಲಿ 'ನಟೋರಿಯಸ್' ಎಂದು ಬರೆದಿರುವ ಪಟ್ಟಿಗಳಿವೆ. ಅದನ್ನು ನಂಬಿ ಒಳ್ಳೇ ಡಾಕ್ಟರನ್ನು 'ನಟೋರಿಯಸ್' ಎಂದರೆ ಅವರನ್ನು ಕುಖ್ಯಾತರ ಸಾಲಿಗೆ ಸೇರಿಸಿದ ಹಾಗೆ. ಎರಡನೆಯದು, ಪದದ ತೂಕ. 'ಆ್ಯಂಗ್ರಿ'ಗಿಂತ 'ಫ್ಯೂರಿಯಸ್' ಜೋರು. ಅದರೊಳಗೇ 'ವೆರಿ' ಸೇರಿಕೊಂಡಿದೆ. ಹಾಗಾಗಿ 'ವೆರಿ ಆ್ಯಂಗ್ರಿ' ಸರಿ, 'ವೆರಿ ಫ್ಯೂರಿಯಸ್' ಸರಿಹೊಂದಲ್ಲ, 'ಆ್ಯಬ್ಸೊಲ್ಯೂಟ್ಲಿ ಫ್ಯೂರಿಯಸ್' ಎನ್ನಬೇಕು. 'ಟೈರ್ಡ್' ಮತ್ತು 'ಎಕ್ಸಾಸ್ಟೆಡ್', 'ಬಿಗ್' ಮತ್ತು 'ಎನಾರ್ಮಸ್' ಕೂಡ ಹೀಗೇ. ಬ್ಯಾಂಕ್ ಪರೀಕ್ಷೆಯ ಕ್ಲೋಜ್ ಟೆಸ್ಟಿನಲ್ಲಿ, ಅಂದರೆ ಬಿಟ್ಟ ಜಾಗ ತುಂಬುವ ಪ್ರಶ್ನೆಗಳಲ್ಲಿ, ಆಯ್ಕೆಗಳ ಅರ್ಥ ಹತ್ತಿರ ಹತ್ತಿರ ಇರುತ್ತದೆ. ಅಲ್ಲಿ ಉತ್ತರ ಹಿಡಿಯುವುದು ಜೊತೆಗಾರರಿಂದ, ತೂಕದಿಂದ.

ಇನ್ನು ವರ್ಡ್ ಫ್ಯಾಮಿಲಿಗೆ, ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪಿಗೆ ಬರೋಣ. ನನ್ನ ಪ್ರಕಾರ ನಿಮಗೆ ಹೆಚ್ಚು ಲಾಭ ಇರುವುದು ಇಲ್ಲೇ. ಗೊತ್ತಿಲ್ಲದ ನೂರು ಪದ ಹುಡುಕುವ ಮೊದಲು, ಅರ್ಧ ಗೊತ್ತಿರುವ ಪದಗಳನ್ನು ಪೂರ್ತಿ ಗೊತ್ತು ಮಾಡಿಕೊಳ್ಳಿ. 'ಪ್ರೊಡ್ಯೂಸ್' ನಿಮಗೆ ಗೊತ್ತು. ಅದನ್ನು ಹಿಡಿದುಕೊಂಡು ಒಂದು ಕಾಫಿ ತೋಟದಲ್ಲಿ ಓಡಾಡಿ ಬರೋಣ.

ತೋಟ ವರ್ಷಕ್ಕೆ ಇಂತಿಷ್ಟು ಚೀಲ ಕಾಫಿ ಕೊಡುತ್ತದೆ, ಅದು 'ಪ್ರೊಡ್ಯೂಸ್', ಕ್ರಿಯಾಪದ, ಒತ್ತು ಎರಡನೇ ಭಾಗದ ಮೇಲೆ. ಸಂತೆಗೆ ಬಂದ ತರಕಾರಿ, ಹಣ್ಣು, ಬೆಳೆಗೆ 'ಪ್ರಾಡ್ಯೂಸ್' ಎನ್ನುತ್ತಾರೆ. ಅದೇ ಸ್ಪೆಲ್ಲಿಂಗ್, ಆದರೆ ಇದು ನಾಮಪದ, ಒತ್ತು ಮೊದಲ ಭಾಗದ ಮೇಲೆ. ಹುರಿದು, ಪುಡಿ ಮಾಡಿ, ಪ್ಯಾಕೆಟ್ಟಿಗೆ ತುಂಬಿದ ಮೇಲೆ ಅದು 'ಪ್ರಾಡಕ್ಟ್'. ಒಟ್ಟು ಉತ್ಪಾದನೆ 'ಪ್ರೊಡಕ್ಷನ್'. ಒಂದು ಹೆಕ್ಟೇರಿಗೆ ಎಷ್ಟು ಎನ್ನುವುದು 'ಪ್ರೊಡಕ್ಟಿವಿಟಿ'. ಕೊನೆಯ ಎರಡರ ನಡುವಿನ ವ್ಯತ್ಯಾಸವನ್ನು ಬಿ.ಕಾಂ ಓದುವ ನೀವು ಬಿಡಲೇಬಾರದು. ಹೊಸ ಜಾಗದಲ್ಲಿ ಗಿಡ ಹಾಕಿದರೆ 'ಪ್ರೊಡಕ್ಷನ್' ಏರುತ್ತದೆ. ಅಷ್ಟಕ್ಕೇ 'ಪ್ರೊಡಕ್ಟಿವಿಟಿ' ಏರಬೇಕೆಂದಿಲ್ಲ. ಚೆನ್ನಾಗಿ ಫಲ ಕೊಡುವ ತೋಟ 'ಪ್ರೊಡಕ್ಟಿವ್'. ಒಳ್ಳೇದಾಗಲಿ ಎಂದು ಮಾಡಿದ್ದು ಉಲ್ಟಾ ಹೊಡೆದರೆ 'ಕೌಂಟರ್‌ಪ್ರೊಡಕ್ಟಿವ್'.

ಬೆಳೆಗಾರರಿಗೆ 'ಪ್ರೊಡ್ಯೂಸರ್' ಎನ್ನಬಹುದು. ಇಲ್ಲಿ ಸಿನೊನಿಮ್ಮೂ ಫ್ಯಾಮಿಲಿಯೂ ಒಂದು ಕಡೆ ಸೇರುತ್ತವೆ. ಚಿಕ್ಕಮಗಳೂರಿನ ಕಾಫಿ ತೋಟದ ಮಾಲೀಕರು 'ಪ್ಲ್ಯಾಂಟರ್'. ಹಾಸನದ ಆಲೂಗಡ್ಡೆ ಬೆಳೆಗಾರರು 'ಗ್ರೋಯರ್'. 'ಪೊಟೇಟೊ ಪ್ಲ್ಯಾಂಟರ್' ಎಂದರೆ ಆಲೂಗಡ್ಡೆ ಬಿತ್ತುವ ಯಂತ್ರ! ಆದರೆ 'ಕಾಫಿ ಗ್ರೋಯರ್' ಎನ್ನಬಹುದು. 10 ಹೆಕ್ಟೇರಿನೊಳಗೆ ತೋಟ ಇರುವವರನ್ನು ಕಾಫಿ ಮಂಡಳಿ 'ಸ್ಮಾಲ್ ಗ್ರೋಯರ್' ಎಂದೇ ಕರೆಯುತ್ತದೆ.

ಬಾಲ ಅಂಟಿಸಿ ಹೊಸ ಪದ ಮಾಡುವುದು ನಮಗೇನೂ ಹೊಸದಲ್ಲ. ಬೆಳೆಗೆ 'ಗಾರ' ಸೇರಿದರೆ ಬೆಳೆಗಾರ, ಜಾಣಕ್ಕೆ 'ತನ' ಸೇರಿದರೆ ಜಾಣತನ, ಪ್ರೀತಿಗೆ 'ಇಸು' ಸೇರಿದರೆ ಪ್ರೀತಿಸು. ಇಂಗ್ಲಿಷ್‌ನಲ್ಲಿ 'ಅರ್', 'ನೆಸ್', 'ಐಜ್' ಇವೇ ಕೆಲಸ ಮಾಡುತ್ತವೆ. ಆದರೆ ಎಲ್ಲ ಬಾಲವೂ ಎಲ್ಲ ಪದಕ್ಕೂ ಅಂಟುವುದಿಲ್ಲ. ಹಾಡುವವರು ಹಾಡುಗಾರರು, ಓದುವವರು ಮಾತ್ರ ಓದುಗರು. ಇಂಗ್ಲಿಷ್‌ನಲ್ಲೂ 'ಅರೈವ್'ಗೆ 'ಅರೈವಲ್', 'ಅಗ್ರೀ'ಗೆ 'ಅಗ್ರೀಮೆಂಟ್', 'ಡಿಸೈಡ್'ಗೆ 'ಡಿಸಿಶನ್', 'ಫೇಲ್'ಗೆ 'ಫೇಲ್ಯರ್'. ಇದಕ್ಕೆ ಪೂರ್ತಿ ಸೂತ್ರ ಇಲ್ಲ. ಕ್ರಿಯಾಪದ ಕಲಿಯುವ ದಿನವೇ ಅದರ ನಾಮಪದವನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದೊಂದೇ ಉಪಾಯ. ಕೆಲವೊಮ್ಮೆ ಬಾಲ ಅರ್ಥವನ್ನೇ ಬೇರೆ ಕಡೆ ಒಯ್ಯುತ್ತದೆ. ಅಡುಗೆ ಮಾಡುವವರು 'ಕುಕ್', 'ಕುಕ್ಕರ್' ಎಂದರೆ ಪಾತ್ರೆ.

ನೀವು ಬ್ಯಾಂಕಿಗೆ ಓದುತ್ತಿರುವುದರಿಂದ ಇನ್ನೊಂದು ಮನೆತನ ತೋರಿಸುತ್ತೇನೆ. ಲ್ಯಾಟಿನ್ನಿನಲ್ಲಿ 'ಕ್ರೆಡ್' ಎನ್ನುವುದು ನಂಬುವುದಕ್ಕೆ ಸಂಬಂಧಿಸಿದ ಧಾತು. 'ಕ್ರೆಡಿಟ್' ಎಂದರೆ ನಂಬಿಕೆಯ ಮೇಲೆ ಕೊಡುವ ಸಾಲ. ನಮ್ಮ ಊರುಗಳ ಕೃಷಿ ಪತ್ತಿನ ಸಹಕಾರ ಸಂಘದ 'ಪತ್ತು' ಇದೇ. ಸಾಲ ಕೊಟ್ಟವರು 'ಕ್ರೆಡಿಟರ್'. ನಂಬಬಹುದಾದದ್ದು 'ಕ್ರೆಡಿಬಲ್', ನಂಬಲಾಗದ್ದು 'ಇನ್‌ಕ್ರೆಡಿಬಲ್'. ಹೇಳಿದ್ದನ್ನೆಲ್ಲ ನಂಬಿಬಿಡುವವರು 'ಕ್ರೆಡ್ಯುಲಸ್'. ಮೆಚ್ಚಬೇಕಾದ ಕೆಲಸ 'ಕ್ರೆಡಿಟಬಲ್'. ನಂಬಿಕೆ ಹುಟ್ಟಿಸುವ ಓದು, ಅನುಭವ, ದಾಖಲೆಗಳು 'ಕ್ರೆಡೆನ್ಶಿಯಲ್ಸ್'. ಹೆಸರು ಕೆಡಿಸುವುದು 'ಡಿಸ್‌ಕ್ರೆಡಿಟ್'. ಎಂಟು ಪದಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡುವ ಬದಲು ಒಂದು ನಂಬಿಕೆಯ ಎಳೆಯಲ್ಲಿ ಪೋಣಿಸಿಕೊಳ್ಳಬಹುದು. ಧಾತು ನೆನಪಿಗೆ ಸಹಾಯ ಮಾಡುತ್ತದೆ ನಿಜ, ಆದರೆ ಅದೊಂದನ್ನೇ ನಂಬಿ ಅರ್ಥ ಊಹಿಸಬೇಡಿ. ಡಿಕ್ಷನರಿಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಒಂದೇ ಮನೆಯ ಪದಗಳಾದರೂ ಅರ್ಥ ಬೇರೆಯಾಗಿರುವ ಜೋಡಿಗಳಿವೆ. ಎರರ್ ಸ್ಪಾಟಿಂಗ್ ಪ್ರಶ್ನೆಗಳಿಗೆ ಇವು ತುಂಬಾ ಬೇಕು. 'ಎಕನಾಮಿಕ್' ಅರ್ಥವ್ಯವಸ್ಥೆಗೆ ಸೇರಿದ್ದು, 'ಎಕನಾಮಿಕಲ್' ಕಡಿಮೆ ಖರ್ಚಿನದು. 'ಕನ್ಸಿಡರಬಲ್' ಸಾಕಷ್ಟು ದೊಡ್ಡದು, 'ಕನ್ಸಿಡರೇಟ್' ಬೇರೆಯವರ ಕಷ್ಟ ನೋಡಿ ನಡೆಯುವವರು. 'ಇಂಡಸ್ಟ್ರಿಯಲ್' ಕೈಗಾರಿಕೆಯದು, 'ಇಂಡಸ್ಟ್ರಿಯಸ್' ಕಷ್ಟಪಟ್ಟು ದುಡಿಯುವವರು. 'ಸೆನ್ಸಿಬಲ್' ವಿವೇಕ ಇರುವವರು, 'ಸೆನ್ಸಿಟಿವ್' ಬೇಗ ಮನಸ್ಸಿಗೆ ಹಚ್ಚಿಕೊಳ್ಳುವವರು. ಗೌರವ ಕೊಡುವವರು 'ರೆಸ್ಪೆಕ್ಟ್‌ಫುಲ್', ಗೌರವಕ್ಕೆ ತಕ್ಕವರು 'ರೆಸ್ಪೆಕ್ಟಬಲ್', ಅವರವರಿಗೆ ಸೇರಿದ್ದು 'ರೆಸ್ಪೆಕ್ಟಿವ್'. ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು 'ಹಾರ್ಡ್ಲಿ'ಯದು. 'ಶೀ ವರ್ಕ್ಸ್ ಹಾರ್ಡ್' ಎಂದರೆ ಅವಳು ಕಷ್ಟಪಟ್ಟು ಕೆಲಸ ಮಾಡುತ್ತಾಳೆ. 'ಶೀ ಹಾರ್ಡ್ಲಿ ವರ್ಕ್ಸ್' ಎಂದರೆ ಅವಳು ಕೆಲಸ ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ. 'ಲೇಟ್' ತಡ, 'ಲೇಟ್ಲಿ' ಇತ್ತೀಚೆಗೆ.

ಇಲ್ಲ ಎನ್ನುವ ಅರ್ಥ ಕೊಡುವ 'ಇನ್' ಬಗ್ಗೆ ಎರಡೇ ಮಾತು. ಮುಂದಿನ ಅಕ್ಷರ ನೋಡಿ ಅದು ರೂಪ ಬದಲಿಸುತ್ತದೆ: 'ಇಲ್ಲೀಗಲ್', 'ಇರ್ರೆಗ್ಯುಲರ್', 'ಇಂಪಾಸಿಬಲ್'. ನಮ್ಮ ಸಂಧಿಯ ಹಾಗೇ ಇದೂ ನಾಲಿಗೆಯ ಅನುಕೂಲಕ್ಕೆ ಆದದ್ದು. 'ಅನ್' ಮಾತ್ರ ಎಲ್ಲಿದ್ದರೂ 'ಅನ್' ಆಗಿಯೇ ಇರುತ್ತದೆ.

ಇಂಟರ್‌ವ್ಯೂಗೆ ಹೋಗುವವರು ಉಚ್ಚಾರಣೆಯ ಕಡೆಗೂ ಗಮನ ಕೊಡಬೇಕು. ಕನ್ನಡದಲ್ಲಿ ನಾವು ಎಲ್ಲ ಅಕ್ಷರವನ್ನೂ ಹೆಚ್ಚುಕಡಿಮೆ ಒಂದೇ ಒತ್ತಿನಲ್ಲಿ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಪ್ರತಿ ಪದದಲ್ಲೂ ಒಂದು ಭಾಗ ಎದ್ದು ಕೇಳಬೇಕು. ಬಾಲ ಬದಲಾದರೆ ಆ ಒತ್ತು ಜಾಗ ಬದಲಿಸುತ್ತದೆ. 'ಫೋಟೊಗ್ರಾಫ್'ನಲ್ಲಿ 'ಫೋ' ಮೇಲೆ, 'ಫಟಾಗ್ರಫರ್'ನಲ್ಲಿ 'ಟಾ' ಮೇಲೆ, 'ಫೋಟೊಗ್ರಾಫಿಕ್'ನಲ್ಲಿ 'ಗ್ರಾ' ಮೇಲೆ. ಒಂದು ಸೂತ್ರ ನೆನಪಿಟ್ಟರೆ ಸಾವಿರಾರು ಪದ ಸರಿಹೋಗುತ್ತವೆ. ಕೊನೆಯಲ್ಲಿ 'ಶನ್', 'ಇಕ್', 'ಇಟಿ' ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ಭಾಗಕ್ಕೇ ಒತ್ತು. 'ಎಜುಕೇಟ್'ನಲ್ಲಿ ಒತ್ತು ಮೊದಲಲ್ಲಿ, 'ಎಜುಕೇಶನ್'ನಲ್ಲಿ 'ಕೇ' ಮೇಲೆ. 'ಆ್ಯಕ್ಟಿವ್'ನಲ್ಲಿ ಮೊದಲಲ್ಲಿ, 'ಆ್ಯಕ್ಟಿವಿಟಿ'ಯಲ್ಲಿ 'ಟಿ' ಮೇಲೆ, ಅಂದರೆ ಮೊದಲು ಬರುವ 'ಟಿ'. ಜೋರಾಗಿ ಹೇಳಿ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಇದು ಬರಲ್ಲ.

ಎಷ್ಟು ಪದ ಕಲಿತರೆ ಸಾಕು ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮೈಕೆಲ್ ವೆಸ್ಟ್ ಎನ್ನುವವರು ಹಿಂದೆ ಢಾಕಾದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದು, ನಮ್ಮ ಉಪಖಂಡದ ಮಕ್ಕಳು ಇಂಗ್ಲಿಷ್ ಓದಲು ಪಡುವ ಕಷ್ಟವನ್ನು ಹತ್ತಿರದಿಂದ ನೋಡಿದ್ದರು. ಅವರು 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿ ಕೊಟ್ಟರು. ಅದರಲ್ಲಿ ಬಹುಪಾಲು ನಿಮಗೆ ಈಗಾಗಲೇ ಗೊತ್ತಿರುತ್ತದೆ. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಎವರಿಲ್ ಕಾಕ್ಸ್‌ಹೆಡ್ ಕಾಲೇಜು ಮಟ್ಟದ ಬರಹಗಳನ್ನು ಜಾಲಾಡಿ 570 ವರ್ಡ್ ಫ್ಯಾಮಿಲಿಗಳ ಪಟ್ಟಿ ಮಾಡಿದರು. ಕಾಲೇಜು ಮಟ್ಟದ ಇಂಗ್ಲಿಷ್ ಬರಹದಲ್ಲಿ ಸುಮಾರು ಶೇ 10ರಷ್ಟು ಪದಗಳು ಈ 570ರಿಂದಲೇ ಬರುತ್ತವೆ. 'ಎಕಾನಮಿ', 'ಫೈನಾನ್ಸ್', 'ಇನ್‌ಕಂ', 'ಪಾಲಿಸಿ' ಎಲ್ಲ ಅದರಲ್ಲಿವೆ. ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೇ ಶುರು ಇಲ್ಲ. ಬೇರೆ ಯಾವ ಪಟ್ಟಿಯನ್ನೂ ನಾನು ಹೇಳುವುದಿಲ್ಲ, ಇದೊಂದನ್ನು ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ವಾರಕ್ಕೆ ಹತ್ತು ಫ್ಯಾಮಿಲಿ ಎಂದು ಇಟ್ಟುಕೊಂಡರೆ ವರ್ಷದ ಮೇಲೆ ಒಂದು ತಿಂಗಳಲ್ಲಿ ಮುಗಿಯುತ್ತದೆ. ಕಾದಂಬರಿ, ದಿನಪತ್ರಿಕೆಗಳನ್ನು ಯಾರ ಸಹಾಯವೂ ಇಲ್ಲದೆ ಓದಲು 8000ದಿಂದ 9000 ಫ್ಯಾಮಿಲಿ ಬೇಕು ಎಂದು ಭಾಷಾಶಾಸ್ತ್ರಜ್ಞ ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಗಾಬರಿಯಾಗಬೇಡಿ. ಅದು ವರ್ಷಗಟ್ಟಲೆ ಓದುತ್ತಾ ಓದುತ್ತಾ ತಾನಾಗೇ ಬೆಳೆಯುವಂಥದ್ದು.

ಮರೆವಿನ ಬಗ್ಗೆ ನೀವು ಬೇಜಾರು ಮಾಡಿಕೊಂಡಿದ್ದೀರಿ. ಅದು ನಿಮ್ಮ ಬುದ್ಧಿಯ ಕೊರತೆ ಅಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ತೋರಿಸಿದ. ಅರ್ಥವಿಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಹೋಗಿಬಿಡುತ್ತದೆ. ಉಳಿಸಿಕೊಳ್ಳಬೇಕಾದರೆ ಬಿಟ್ಟು ಬಿಟ್ಟು ನೆನಪು ಮಾಡಿಕೊಳ್ಳಬೇಕು. ಬೆಳಿಗ್ಗೆ ಕಲಿತದ್ದನ್ನು ಅದೇ ಸಂಜೆ, ಆಮೇಲೆ ಮಾರನೇ ದಿನ, ಮೂರ್ನಾಲ್ಕು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು. ಪ್ರತಿ ಸಲವೂ ಪುಟ ಮುಚ್ಚಿ ನೆನಪು ಮಾಡಿಕೊಂಡು, ಆಮೇಲೆ ತೆರೆದು ನೋಡಿ. ಸುಮ್ನೆ ಕಣ್ಣಾಡಿಸಿದರೆ ಗೊತ್ತಿದೆ ಎನಿಸುತ್ತದೆ, ಬರೆಯುವಾಗ ಕೈ ಕೊಡುತ್ತದೆ.

ಇದಕ್ಕೊಂದು ನೋಟ್‌ಬುಕ್ ಇಡಿ. ಒಂದು ಫ್ಯಾಮಿಲಿಗೆ ಒಂದು ಪುಟ. ಮೇಲೆ ಮೂಲಪದ, ಕೆಳಗೆ ಅದರ ಕ್ರಿಯಾಪದ, ನಾಮಪದ, ವಿಶೇಷಣ ರೂಪಗಳು, ಒತ್ತು ಬೀಳುವ ಭಾಗದ ಕೆಳಗೆ ಒಂದು ಗೆರೆ. ಪ್ರತಿ ರೂಪಕ್ಕೂ ನಿಮ್ಮ ಬದುಕಿನಿಂದಲೇ ಎತ್ತಿದ ಒಂದು ವಾಕ್ಯ. 'ವೆರೈಟಿ'ಗೆ ನಿಮ್ಮ ಹೊಲದ ಆಲೂಗಡ್ಡೆ ತಳಿಯ ಬಗ್ಗೆ ಬರೆಯಿರಿ, 'ವೇರಿಯಬಲ್'ಗೆ ಬ್ಯಾಂಕಿನ ಬಡ್ಡಿ ದರದ ಬಗ್ಗೆ, 'ಇನ್‌ವೇರಿಯಬ್ಲಿ'ಗೆ ಯಾವಾಗಲೂ ತಡವಾಗಿ ಬರುವ ಬಸ್ಸಿನ ಬಗ್ಗೆ. ಪುಟದ ಕೆಳಭಾಗವನ್ನು ಖಾಲಿ ಬಿಡಿ. ಮುಂದೆ ಓದುವಾಗ ಅದೇ ಪದ ಹೊಸ ಜೊತೆಗಾರರ ಸಂಗಡ ಸಿಕ್ಕರೆ ಅಲ್ಲಿ ಸೇರಿಸಬೇಕು. ಕನ್ನಡ ಅರ್ಥ ಬರೆಯಬಾರದು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬರೆಯಿರಿ, ಬೇಗ ಹೊಳೆಯುತ್ತದೆ. ಆದರೆ ಅರ್ಥವೊಂದನ್ನೇ ಬರೆದು ಪುಟ ಮುಗಿಸಬೇಡಿ.

ಓದುವುದಕ್ಕೆ ಏನು ಆರಿಸಿಕೊಳ್ಳಬೇಕು ಎಂದರೆ, ಕನ್ನಡದಲ್ಲಿ ಆಗಲೇ ಗೊತ್ತಿರುವ ಸುದ್ದಿ. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಆನೆ ದಾಳಿಯ ಸುದ್ದಿ ಓದಿದ್ದೀರಾ? ಅದನ್ನೇ ಇಂಗ್ಲಿಷ್‌ನಲ್ಲಿ ಹುಡುಕಿ ಓದಿ. ಏನಾಯಿತು ಎಂದು ಗೊತ್ತಿರುವುದರಿಂದ, ಆನೆ ದಾರಿ ತಪ್ಪಿ ಊರೊಳಗೆ ಬಂದದ್ದಕ್ಕೆ 'ಸ್ಟ್ರೇಡ್ ಇನ್‌ಟು', ಬೆಳೆ ತುಳಿದದ್ದಕ್ಕೆ 'ಟ್ರ್ಯಾಂಪಲ್ಡ್', ಹಿಡಿದು ಬೇರೆ ಕಾಡಿಗೆ ಬಿಟ್ಟದ್ದಕ್ಕೆ 'ಟ್ರಾನ್ಸ್‌ಲೊಕೇಟೆಡ್' ಎಂದು ಡಿಕ್ಷನರಿ ಇಲ್ಲದೆಯೇ ತಿಳಿಯುತ್ತದೆ. ಕಾಫಿ ದರ, ಮಲೆನಾಡಿನ ಮಳೆ, 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿ, ಎಲ್ಲವನ್ನೂ ಹೀಗೆ ಓದಬಹುದು.

ಕೊನೆಯದಾಗಿ ಡಿಕ್ಷನರಿ. ಮೊಬೈಲ್ ಸಾಕು, ಆದರೆ ಅದರಲ್ಲಿ ಏನು ತೆರೆಯುತ್ತೀರಿ ಎನ್ನುವುದು ಮುಖ್ಯ. ಥೆಸಾರಸ್‌ನಿಂದ, ಅಂದರೆ ಸಿನೊನಿಮ್‌ಗಳನ್ನು ಒಟ್ಟಿಗೆ ಕೊಡುವ ಕೋಶದಿಂದ, ಶುರು ಮಾಡಬೇಡಿ. ಪೀಟರ್ ಮಾರ್ಕ್ ರೋಜೆಟ್ ಎಂಬ ವೈದ್ಯರು 1852ರಲ್ಲಿ ತಮ್ಮ ಥೆಸಾರಸ್ ಹೊರತಂದಾಗ ಪದಗಳನ್ನು ವಿಚಾರಗಳ ಪ್ರಕಾರ ಗುಂಪು ಮಾಡಿ ಇಟ್ಟರು. ಪದ ಗೊತ್ತಿದ್ದೂ ಬರೆಯುವ ಹೊತ್ತಿಗೆ ನೆನಪಾಗದವರಿಗೆ ಅದು ತುಂಬಾ ಅನುಕೂಲ. ಪದದ ಪರಿಚಯವೇ ಇಲ್ಲದವರು ಅದರಿಂದ ಎತ್ತಿಕೊಂಡರೆ ಅಜ್ಜಿ 'ಏನ್ಶಂಟ್' ಆಗುತ್ತಾರೆ. ನಿಮಗೆ ಬೇಕಿರುವುದು ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗಾಗಿ ಮಾಡಿದ್ದು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರದ್ದೂ ಇಂಟರ್ನೆಟ್ಟಿನಲ್ಲಿ ಹಣ ಕೊಡದೆ ನೋಡಲು ಸಿಗುತ್ತವೆ. ಲಾಂಗ್‌ಮನ್‌ನವರು 1978ರ ಮೊದಲ ಆವೃತ್ತಿಯಿಂದಲೂ ಸುಮಾರು 2000 ಸುಲಭ ಪದಗಳಲ್ಲೇ ಎಲ್ಲ ಅರ್ಥ ವಿವರಿಸುತ್ತಾ ಬಂದಿದ್ದಾರೆ. ಹಾಗಾಗಿ ಒಂದು ಅರ್ಥ ನೋಡಲು ಹೋಗಿ ಇನ್ನೈದು ಪದಕ್ಕೆ ಅರ್ಥ ಹುಡುಕುವ ಪಾಡು ಇರುವುದಿಲ್ಲ. ಅರ್ಥ ಓದಿ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಓದಿ, ಜೊತೆಗಾರರು ಸಿಗುವುದು ಅಲ್ಲೇ. ಸ್ಪೀಕರ್ ಗುರುತು ಒತ್ತಿ ಉಚ್ಚಾರಣೆ ಕೇಳಿಸಿಕೊಳ್ಳಿ. ಪುಸ್ತಕವೇ ಬೇಕೆನಿಸಿದರೆ ಕೊಳ್ಳುವ ಮೊದಲು ಕಾಲೇಜು ಲೈಬ್ರರಿಯಲ್ಲೋ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ಸಿಗುವುದನ್ನು ಕೆಲವು ದಿನ ಬಳಸಿ ನೋಡಿ. ಹಳೇ ಆವೃತ್ತಿಯಾದರೂ ಪರವಾಗಿಲ್ಲ, ಕೊಲೊಕೇಶನ್‌ಗಳು ಹತ್ತಿಪ್ಪತ್ತು ವರ್ಷದಲ್ಲಿ ಹೆಚ್ಚು ಬದಲಾಗುವುದಿಲ್ಲ.